ಉತ್ತರ ಮೊದಲೇ ಗೊತ್ತಿದ್ದರೆ ಅದು ಚಟುವಟಿಕೆಯಲ್ಲ

ಸಮಾಜಶಾಸ್ತ್ರದ ಪದವಿ, ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಜೆಕ್ಟ್ ಹೆಸರಿನಲ್ಲಿ ನಡೆಯುವ ಕೆಲಸದ ಬಹುಪಾಲು ಒಂದೇ ಬಗೆಯದು. ವಿದ್ಯಾರ್ಥಿಗಳು ಪ್ರಶ್ನಾವಳಿ ತಯಾರಿಸುತ್ತಾರೆ, ಫೋನಿನಲ್ಲಿ ಗೆಳೆಯರಿಗೆ ಕಳಿಸುತ್ತಾರೆ, ಬಂದ ಉತ್ತರಗಳಿಗೆ ಬಣ್ಣದ ಪೈ ಚಾರ್ಟ್ ಮಾಡಿ ಅಂಟಿಸುತ್ತಾರೆ. ಕೊನೆಗೆ ‘ಸಾಮಾಜಿಕ ಜಾಲತಾಣಗಳಿಂದ ಯುವಜನರಿಗೆ ಒಳಿತೂ ಆಗುತ್ತಿದೆ, ಕೆಡುಕೂ ಆಗುತ್ತಿದೆ’ ಎಂಬ ತೀರ್ಮಾನ. ಈ ಸಾಲು ಬರೆಯಲು ಯಾರನ್ನೂ ಏನನ್ನೂ ಕೇಳಬೇಕಿರಲಿಲ್ಲ. ಅಷ್ಟು ಶ್ರಮಪಟ್ಟ ಹುಡುಗ ಹುಡುಗಿಯರಿಗೆ ಸಿಕ್ಕಿದ್ದು ಮೊದಲೇ ಗೊತ್ತಿದ್ದ ಮಾತು ಎನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಹಾಗಾಗಿ ಯಾವ ಚಟುವಟಿಕೆ ಆರಿಸುವಾಗಲೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರ ಫಲಿತಾಂಶವನ್ನು ವಿದ್ಯಾರ್ಥಿಗಳು ಮಾಡುವ ಮೊದಲೇ ಬರೆದುಬಿಡಬಲ್ಲರೇ? ಬರೆಯಬಲ್ಲರು ಅನ್ನಿಸಿದರೆ ಅದನ್ನು ಕೈಬಿಡುತ್ತೇನೆ. ಇಲ್ಲವೆನ್ನಿಸಿದರೆ, ಶುರು ಮಾಡುವ ಮುನ್ನ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದು ಮಡಚಿಡಬೇಕು. ಆ ಚೀಟಿಗೂ ಕಣ್ಣೆದುರು ಬಂದ ಫಲಿತಾಂಶಕ್ಕೂ ನಡುವಿನ ಅಂತರವೇ ಮುಂದಿನ ಪಾಠ.

ಈ ಪರೀಕ್ಷೆಯಲ್ಲಿ ಪ್ರತಿ ಸಲವೂ ಗೆಲ್ಲುವ ಚಟುವಟಿಕೆಯೊಂದಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1971ರಲ್ಲಿ ಪ್ರಕಟಿಸಿದ ವಸತಿ ಪ್ರತ್ಯೇಕತೆಯ ಮಾದರಿ ಅದು. ಬೇಕಾಗುವುದು ಎಂಟು ಸಾಲು, ಎಂಟು ಕಂಬದ ಚೌಕದ ಹಾಳೆ ಮತ್ತು ಎರಡು ಬಣ್ಣದ ಗುಂಡಿಗಳು ಮಾತ್ರ. ಪ್ರತಿ ಬಣ್ಣದ 22 ಗುಂಡಿಗಳನ್ನು ಮನಸ್ಸಿಗೆ ಬಂದ ಹಾಗೆ ಹರಡಿ, 20 ಮನೆಗಳನ್ನು ಖಾಲಿ ಬಿಡಿ. ನಿಯಮ ಸರಳ. ಗುಂಡಿಯ ಸುತ್ತಲಿನ ನೆರೆಯವರಲ್ಲಿ ಮೂರನೇ ಒಂದು ಭಾಗವಾದರೂ ತನ್ನ ಬಣ್ಣದವರಾಗಿದ್ದರೆ ಅದು ನೆಮ್ಮದಿಯಾಗಿ ಕುಳಿತಿರುತ್ತದೆ, ಇಲ್ಲದಿದ್ದರೆ ಷರತ್ತು ಪೂರೈಸುವ ಹತ್ತಿರದ ಖಾಲಿ ಮನೆಗೆ ಹೋಗುತ್ತದೆ. ಅಂದರೆ ನೆರೆಹೊರೆಯಲ್ಲಿ ತಾನು ಅಲ್ಪಸಂಖ್ಯಾತನಾಗಿರುವುದಕ್ಕೂ ಪ್ರತಿ ಗುಂಡಿಯ ಒಪ್ಪಿಗೆಯಿದೆ. ಇಷ್ಟು ಉದಾರ ನಿಯಮದಲ್ಲಿ ಬಣ್ಣಗಳು ಬೆರೆತೇ ಉಳಿಯುತ್ತವೆ ಎಂದು ಹೆಚ್ಚಿನ ಚೀಟಿಗಳಲ್ಲಿ ಬರೆದಿರುತ್ತದೆ.

ಹಾಗಾಗುವುದಿಲ್ಲ. ಒಂದು ಗುಂಡಿ ಎದ್ದು ಹೋದಾಗ ಅದರ ಹಳೆಯ ನೆರೆಯವರ ಲೆಕ್ಕ ತಪ್ಪುತ್ತದೆ, ಅವರಲ್ಲಿ ಕೆಲವರು ಏಳುತ್ತಾರೆ, ಅವರು ಹೋಗಿ ಕುಳಿತಲ್ಲಿ ಇನ್ನೊಬ್ಬರ ಲೆಕ್ಕ ಬದಲಾಗುತ್ತದೆ. ಎಲ್ಲವೂ ನಿಂತ ಮೇಲೆ ನೋಡಿದರೆ ಹಾಳೆಯ ಮೇಲೆ ಬಣ್ಣಬಣ್ಣದ ಕೇರಿಗಳು ಎದ್ದಿರುತ್ತವೆ. ಇದೇ ಮಾದರಿಯನ್ನು ನೆಟ್‌ಲೋಗೋ ಎಂಬ ಉಚಿತ ತಂತ್ರಾಂಶದಲ್ಲಿ ನೂರಾರು ಗುಂಡಿಗಳೊಂದಿಗೆ ಓಡಿಸಬಹುದು. ಅಲ್ಲಿ ಪ್ರತಿಯೊಬ್ಬರೂ ಶೇ 30ರಷ್ಟು ತಮ್ಮವರಿದ್ದರೆ ಸಾಕು ಎಂದರೂ ಕೊನೆಗೆ ಸರಾಸರಿ ಸಾಮ್ಯ, ಅಂದರೆ ನೆರೆಯವರಲ್ಲಿ ತಮ್ಮದೇ ಬಣ್ಣದವರ ಪಾಲು, ಶೇ 70ರ ಆಸುಪಾಸಿಗೆ ಮುಟ್ಟುತ್ತದೆ. ಆದರೂ ಮೊದಲು ಕೈಯಿಂದಲೇ ಆಡಿಸಬೇಕೆಂಬುದು ನನ್ನ ಹಟ. ಪರದೆಯ ಮೇಲೆ ಅದು ಕ್ಷಣದಲ್ಲಿ ಮುಗಿದುಹೋಗುತ್ತದೆ. ಕೈಯಿಂದ ಎತ್ತಿಡುವಾಗ ‘ಇದು ಯಾಕೆ ಎದ್ದಿತು?’ ಎಂದು ಪ್ರತಿ ನಡೆಗೂ ನಿಂತು ಕೇಳಬೇಕಾಗುತ್ತದೆ. ಯಾರೂ ಬಯಸದ ಸ್ಥಿತಿಯೊಂದು ಎಲ್ಲರ ಸಣ್ಣಸಣ್ಣ ಆಯ್ಕೆಗಳಿಂದ ಹೇಗೆ ಹುಟ್ಟುತ್ತದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ‘ಉದ್ದೇಶಿಸದ ಪರಿಣಾಮ’ ಎಂಬ ಪರಿಕಲ್ಪನೆಯ ಹೆಸರನ್ನು ಹೇಳುವುದು ಆಮೇಲೆ. ಮೊದಲೇ ಹೇಳಿಬಿಟ್ಟರೆ ವಿದ್ಯಾರ್ಥಿಗಳು ಹಾಳೆಯ ಮೇಲೆ ಅದನ್ನೇ ಹುಡುಕುತ್ತಾರೆ.

ಬಹಳ ಕಡೆ ಈ ಆಟ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಿಸಿದರೆ ಅಪಾಯವಿದೆ. ‘ಜನರ ಸಣ್ಣ ಇಷ್ಟಾನಿಷ್ಟಗಳಿಂದ ಊರು ತಾನಾಗಿಯೇ ಒಡೆಯುತ್ತದೆ, ಯಾರದೂ ತಪ್ಪಿಲ್ಲ’ ಎಂಬ ಭಾವನೆಯೊಂದಿಗೆ ವಿದ್ಯಾರ್ಥಿ ಮನೆಗೆ ಹೋಗಬಹುದು. ಸೌಮ್ಯ ಆದ್ಯತೆಯೊಂದೇ ಸಾಕಾಗಬಹುದು ಎಂದಷ್ಟೇ ಮಾದರಿ ತೋರಿಸುತ್ತದೆ. ನಿಜವಾದ ಊರುಗಳಲ್ಲಿ ಅದೊಂದೇ ಕಾರಣ ಎಂದು ಅದು ಹೇಳುವುದೇ ಇಲ್ಲ. ಆದ್ದರಿಂದ ಅದೇ ವಾರ ರಿಚ್‌ಮಂಡ್ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಇನ್‌ಈಕ್ವಾಲಿಟಿ’ ನಕ್ಷೆಗಳನ್ನು ತೆರೆಯಬೇಕು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ನಿಗಮವೊಂದು ಇನ್ನೂರಕ್ಕೂ ಹೆಚ್ಚು ನಗರಗಳ ಬಡಾವಣೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ದರ್ಜೆಗಳಲ್ಲಿ ಗುರುತಿಸಿತ್ತು. ಕೆಂಪು ಎಂದರೆ ಸಾಲಕ್ಕೆ ಅಪಾಯಕಾರಿ. ಕಪ್ಪು ಜನರು ವಾಸಿಸುತ್ತಿದ್ದ ಬಡಾವಣೆಗಳಿಗೆ ಬಹುಮಟ್ಟಿಗೆ ಕೆಂಪು ಬಳಿದಿತ್ತು. ನಕ್ಷೆಯ ಜೊತೆಗೆ ಅಧಿಕಾರಿಗಳು ತುಂಬಿದ ವಿವರಣಾ ಫಾರಂಗಳೂ ಅಲ್ಲಿ ಓದಲು ಸಿಗುತ್ತವೆ. ಅವರ ಭಾಷೆ ಎಷ್ಟು ತಣ್ಣಗಿದೆಯೆಂದರೆ ಓದುತ್ತ ತರಗತಿ ಮೌನವಾಗುತ್ತದೆ. ಈಗ ಮೇಜಿನ ಮೇಲೆ ಒಂದೆಡೆ ಗುಂಡಿಗಳು, ಇನ್ನೊಂದೆಡೆ ಸಾಲದ ನಕ್ಷೆ. ಗುಂಡಿಗಳ ಆಟಕ್ಕೆ ಸಾಲದ ನಿಯಮ ಸೇರಿಸಿ ಮತ್ತೆ ಆಡಿ ಎಂದರೆ, ಅಂದರೆ ಒಂದು ಬಣ್ಣಕ್ಕೆ ಕೆಲವು ಮನೆಗಳು ಮುಚ್ಚಿವೆ ಎಂದರೆ, ವಿದ್ಯಾರ್ಥಿಗಳು ತಾವೇ ನಿಯಮ ರೂಪಿಸತೊಡಗುತ್ತಾರೆ. ವ್ಯಕ್ತಿಯ ಆಯ್ಕೆ ಎಷ್ಟು, ಸಮಾಜದ ರಚನೆಯ ಒತ್ತಡ ಎಷ್ಟು ಎಂಬ ನಮ್ಮ ಶಾಸ್ತ್ರದ ಹಳೆಯ ಜಗಳ ಆ ಮೇಜಿನ ಮೇಲೆ ತಾನಾಗಿಯೇ ಶುರುವಾಗುತ್ತದೆ.

ಸಾಮಾಜಿಕ ಜಾಲಗಳ, ಅಂದರೆ ಜನರ ನಡುವಿನ ನಂಟುಗಳ ಪಾಠಕ್ಕೆ ಬಂದರೆ ನನ್ನದೊಂದು ಕಟ್ಟುನಿಟ್ಟಾದ ಮಾತಿದೆ. ಜೇಕಬ್ ಮೊರೆನೊ 1930ರ ದಶಕದಲ್ಲಿ ರೂಪಿಸಿದ ಸೋಶಿಯೋಮೆಟ್ರಿಯನ್ನು (ಗುಂಪಿನೊಳಗಿನ ನಂಟುಗಳನ್ನು ಅಳೆಯುವ ವಿಧಾನವನ್ನು) ಕಲಿಸುವಾಗ ‘ತರಗತಿಯಲ್ಲಿ ನಿಮಗೆ ಆಪ್ತರು ಯಾರು, ಬರೆಯಿರಿ’ ಎಂದು ಕೇಳಿ, ಬಾಣಗಳ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸುವ ರೂಢಿಯಿದೆ. ದಯವಿಟ್ಟು ಬೇಡ. ಒಂದೂ ಬಾಣ ಬರದ ವಿದ್ಯಾರ್ಥಿ ಅದೇ ಕೋಣೆಯಲ್ಲಿ ಕುಳಿತಿರುತ್ತಾನೆ. ಹೆಸರು ತೆಗೆದು ಸಂಖ್ಯೆ ಹಾಕಿದರೂ ತನ್ನ ಬಿಂದು ಯಾವುದೆಂದು ಅವನಿಗೆ ಗೊತ್ತಾಗುತ್ತದೆ. ಇದಕ್ಕೆ ಬದಲು ಮಾನವಶಾಸ್ತ್ರಜ್ಞ ವೇಯ್ನ್ ಝಕಾರಿ 1977ರಲ್ಲಿ ಪ್ರಕಟಿಸಿದ ಕರಾಟೆ ಕ್ಲಬ್ಬಿನ ದತ್ತಾಂಶ ಬಳಸಬಹುದು. 34 ಸದಸ್ಯರು, ಅವರ ನಡುವೆ 78 ನಂಟುಗಳು. ತರಬೇತುದಾರನಿಗೂ ಆಡಳಿತ ನಡೆಸುವವನಿಗೂ ಜಗಳವಾಗಿ ಕ್ಲಬ್ಬು ಎರಡಾಯಿತು. ನಂಟುಗಳ ಚಿತ್ರ ಕೊಟ್ಟು, ಯಾರು ಯಾವ ಕಡೆ ಹೋದರೆಂದು ಗುರುತಿಸಿ ಎನ್ನಿ. ಝಕಾರಿಯವರ ವಿಧಾನ ಒಬ್ಬ ಸದಸ್ಯನ ವಿಷಯದಲ್ಲಿ ಮಾತ್ರ ತಪ್ಪಿತು. ಆ ಒಬ್ಬ ಏಕೆ ಎಂದು ಕೇಳಿದಾಗಲೇ ಜಾಲದ ಚಿತ್ರದಲ್ಲಿ ಕಾಣದ ಕಾರಣಗಳೂ ಇರುತ್ತವೆ ಎಂಬುದು ಹೊಳೆಯುತ್ತದೆ. ಗೆಫಿ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಬಿಡಿಸಿ ನೋಡಬಹುದು, 34 ಬಿಂದುಗಳಿಗೆ ಪೆನ್ಸಿಲೂ ಸಾಕು.

ಇನ್ನು ಅವಲೋಕನ. ಕ್ಷೇತ್ರಕಾರ್ಯವೆಂದರೆ ದೂರ ಹೋಗಬೇಕೆಂದೇನಿಲ್ಲ. ಇಬ್ಬರು ವಿದ್ಯಾರ್ಥಿಗಳು ಗ್ರಂಥಾಲಯದ ಬಾಗಿಲಲ್ಲೋ ಬಸ್ಸಿಗಾಗಿ ಕಾಯುವ ಜಾಗದಲ್ಲೋ ಅರ್ಧ ಗಂಟೆ ಕುಳಿತು, ಪರಸ್ಪರ ಮಾತಾಡದೆ, ಕಂಡದ್ದನ್ನು ಬರೆಯಲಿ. ಆಮೇಲೆ ಎರಡೂ ಟಿಪ್ಪಣಿಗಳನ್ನು ಪಕ್ಕಪಕ್ಕ ಇಡಲಿ. ಒಬ್ಬರು ‘ಆಕೆಗೆ ಬೇಸರವಾಗಿತ್ತು’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ‘ಆಕೆ ಮೂರು ಸಲ ಗಡಿಯಾರ ನೋಡಿದಳು’ ಎಂದು. ಮೊದಲನೆಯದು ಬರೆದವರ ಊಹೆ, ಎರಡನೆಯದು ಕಂಡದ್ದು. ಈ ವ್ಯತ್ಯಾಸವನ್ನು ಉಪನ್ಯಾಸದಿಂದ ಕಲಿಸಲು ನನಗೆ ಎಂದೂ ಆಗಿಲ್ಲ. ತಮ್ಮದೇ ಟಿಪ್ಪಣಿಯಲ್ಲಿ ಊಹೆಯ ಮಾತುಗಳಿಗೆಲ್ಲ ಕೆಂಪು ಗೆರೆ ಹಾಕಿಕೊಂಡವರು ಮಾತ್ರ ಮುಂದಿನ ಬಾರಿ ಬೇರೆ ರೀತಿ ಬರೆಯುತ್ತಾರೆ. ಅಪರಿಚಿತರು ಎದುರುಬದುರಾದಾಗ ಒಂದು ಕ್ಷಣ ನೋಡಿ ಕಣ್ಣು ತಿರುಗಿಸುವ ಸೌಜನ್ಯದ ಬಗ್ಗೆ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಬರೆದದ್ದನ್ನು ಇಂಥ ಅರ್ಧ ಗಂಟೆಯ ನಂತರ ಓದಿಸಿದರೆ ಅದು ಬೇರೆಯೇ ಪಠ್ಯವಾಗಿ ಕಾಣುತ್ತದೆ.

ಟಿಪ್ಪಣಿಗಳನ್ನು ಅಂದೇ ರಾತ್ರಿ ವಿಸ್ತರಿಸಿ ಬರೆಯಬೇಕು, ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಒಂದು ಹಳ್ಳಿಯಲ್ಲಿ ನಡೆಸಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಮೂರೂ ಒಂದೇ ಕಟ್ಟಡದಲ್ಲಿದ್ದವು. ಬಹುಮಟ್ಟಿಗೆ ನೆನಪಿನಿಂದಲೇ ಅವರು ಆ ಹಳ್ಳಿಯನ್ನು ಮತ್ತೆ ಕಟ್ಟಿ 1976ರಲ್ಲಿ ಪುಸ್ತಕ ತಂದರು. ನೆನಪು ಅಷ್ಟು ಗಟ್ಟಿಯಾಗಿ ಉಳಿಯಲು ಅವರು ಅಲ್ಲಿನ ಬದುಕಿನಲ್ಲಿ ಎಷ್ಟು ಆಳವಾಗಿ ತೊಡಗಿಕೊಂಡಿದ್ದರು ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು.

ರೂಢಿ ಮುರಿಯುವ ಪ್ರಯೋಗಗಳು ತರಗತಿಗಳಲ್ಲಿ ಬಹಳ ಜನಪ್ರಿಯ. ಸಮಾಜಶಾಸ್ತ್ರಜ್ಞ ಹ್ಯಾರೊಲ್ಡ್ ಗಾರ್ಫಿಂಕೆಲ್ ತಮ್ಮ ವಿದ್ಯಾರ್ಥಿಗಳಿಗೆ ಸ್ವಂತ ಮನೆಯಲ್ಲೇ ಬಾಡಿಗೆದಾರರಂತೆ ಸೌಜನ್ಯದಿಂದ ವರ್ತಿಸಿ ಬನ್ನಿ ಎಂದಿದ್ದರು. ಮನೆಯವರು ಗಾಬರಿಗೊಂಡರು, ಸಿಟ್ಟಾದರು, ಹುಷಾರಿಲ್ಲವೇ ಎಂದು ಕೇಳಿದರು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ವಿದ್ಯಾರ್ಥಿಗಳು ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕಾರಣವನ್ನೇ ಹೇಳದೆ ಸೀಟು ಬಿಟ್ಟುಕೊಡಿ ಎಂದು ಕೇಳಿದಾಗ ಶೇ 68ರಷ್ಟು ಸಲ ಸೀಟು ಸಿಕ್ಕಿತು. ಕೇಳುವವರಿಗೇ ಹೊಟ್ಟೆ ತೊಳಸಿದಂತಾಯಿತು. ಕೇಳುವವರಿಗಾದ ಈ ಸಂಕಟವೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ, ರೂಢಿ ನಮ್ಮ ಮೈಯೊಳಗೆ ಎಲ್ಲಿ ಕುಳಿತಿದೆ ಎಂದು ಅದು ತೋರಿಸುತ್ತದೆ. ಆದರೆ ಏನೂ ಅರಿಯದ ಅಪರಿಚಿತರನ್ನೋ ತಂದೆತಾಯಿಯನ್ನೋ ಗಾಬರಿಪಡಿಸುವ ಹಕ್ಕು ಒಂದು ಅಸೈನ್‌ಮೆಂಟಿಗೆ ಇಲ್ಲ. ಮುಜುಗರದ ಭಾರ ಪೂರ್ತಿ ವಿದ್ಯಾರ್ಥಿಯ ಮೇಲೇ ಬೀಳುವಂಥ ಪ್ರಯೋಗ ಸಾಕು. ಲಿಫ್ಟಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಯಾರಿಗೂ ತೊಂದರೆಯಿಲ್ಲ.

ನೈತಿಕತೆಯನ್ನು ಸೆಮಿಸ್ಟರಿನ ಕೊನೆಯ ಅಧ್ಯಾಯವಾಗಿ ಇಡುವುದನ್ನು ನಾನು ಒಪ್ಪುವುದಿಲ್ಲ. 1970ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಸಮಾಜಶಾಸ್ತ್ರಜ್ಞ ಲಾಡ್ ಹಂಫ್ರೀಸ್ ಸಾರ್ವಜನಿಕ ಶೌಚಾಲಯಗಳಲ್ಲಿ ಲೈಂಗಿಕ ಸಂಪರ್ಕಕ್ಕಾಗಿ ಸಂಧಿಸುತ್ತಿದ್ದ ಪುರುಷರ ಕಾರುಗಳ ನಂಬರ್ ಬರೆದುಕೊಂಡು, ವಿಳಾಸ ಪತ್ತೆಹಚ್ಚಿ, ವರ್ಷದ ನಂತರ ವೇಷ ಬದಲಿಸಿ ಆರೋಗ್ಯ ಸಮೀಕ್ಷೆಯ ಹೆಸರಿನಲ್ಲಿ ಅವರ ಮನೆಗಳಿಗೇ ಹೋದರು. ಮೊದಲ ವಾರವೇ ಈ ಪ್ರಕರಣವನ್ನು ಚರ್ಚಿಸಿ, ಆಮೇಲೆ ಅವರವರ ಪ್ರಾಜೆಕ್ಟಿನ ಒಪ್ಪಿಗೆ ಪತ್ರವನ್ನು ಅವರೇ ಬರೆಯಲಿ.

ಈಗ ದತ್ತಾಂಶ. ಸ್ವಂತವಾಗಿ ಮೂವತ್ತು ಜನರನ್ನು ಕೇಳಿ ಪೈ ಚಾರ್ಟ್ ಮಾಡುವುದಕ್ಕಿಂತ, ಎಚ್ಚರದಿಂದ ಆರಿಸಿದ ಸಾವಿರಾರು ಜನರ ಉತ್ತರಗಳನ್ನು ತೆರೆದು ಒಂದು ಚೂಪಾದ ಪ್ರಶ್ನೆ ಕೇಳುವುದು ಮೇಲು. 1972ರಿಂದ ನಡೆಯುತ್ತಿರುವ ಅಮೆರಿಕದ ಜನರಲ್ ಸೋಶಿಯಲ್ ಸರ್ವೆ, 1981ರಲ್ಲಿ ಆರಂಭವಾಗಿ ನೂರಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿರುವ ವರ್ಲ್ಡ್ ವ್ಯಾಲ್ಯೂಸ್ ಸರ್ವೆ, ಯುರೋಪಿಯನ್ ಸೋಶಿಯಲ್ ಸರ್ವೆ ಇವೆಲ್ಲ ವಿದ್ಯಾರ್ಥಿಗಳಿಗೆ ಉಚಿತ. ಮೊದಲೆರಡನ್ನು ಯಾವ ತಂತ್ರಾಂಶವೂ ಇಲ್ಲದೆ ಅವುಗಳ ತಾಣದಲ್ಲೇ ಕೋಷ್ಟಕ ಮಾಡಿ ನೋಡಬಹುದು. ಹಲವು ದೇಶಗಳ ಜನಗಣತಿಯ ಮಾದರಿ ಕಡತಗಳು ಮಿನ್ನೆಸೋಟ ವಿಶ್ವವಿದ್ಯಾಲಯದ ಐಪಮ್ಸ್ ಎಂಬ ದತ್ತಾಂಶ ಸಂಗ್ರಹದಲ್ಲಿವೆ.

ಆದರೆ ಅಂಕಿಗಳಿಗಿಂತ ಮೊದಲು ಕೋಡ್‌ಬುಕ್, ಅಂದರೆ ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಿದರೆಂದು ಹೇಳುವ ಕೈಪಿಡಿ, ಓದಿಸಿ. ಜನರಲ್ ಸೋಶಿಯಲ್ ಸರ್ವೆಯಲ್ಲೇ ಇದಕ್ಕೊಂದು ಸಿದ್ಧ ಉದಾಹರಣೆಯಿದೆ. ಸರ್ಕಾರ ಖರ್ಚು ಮಾಡುತ್ತಿರುವುದು ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಯನ್ನು ಅರ್ಧ ಜನರಿಗೆ ‘ವೆಲ್ಫೇರ್’ (ಸರ್ಕಾರಿ ಕಲ್ಯಾಣ ನೆರವು) ಎಂಬ ಮಾತಿನಲ್ಲೂ ಇನ್ನರ್ಧ ಜನರಿಗೆ ‘ಬಡವರಿಗೆ ನೆರವು’ ಎಂಬ ಮಾತಿನಲ್ಲೂ ಕೇಳಲಾಗುತ್ತದೆ. ಖರ್ಚು ಸಾಲದು ಎನ್ನುವವರು ಎರಡನೆಯ ಗುಂಪಿನಲ್ಲಿ ಬಹಳ ಹೆಚ್ಚು. ಎರಡೂ ಕೋಷ್ಟಕಗಳನ್ನು ತಾವೇ ತೆಗೆದು ಅಕ್ಕಪಕ್ಕ ಇಟ್ಟ ವಿದ್ಯಾರ್ಥಿಗಳು ತಮ್ಮ ಪ್ರಶ್ನಾವಳಿಯ ಪ್ರತಿ ಪದವನ್ನೂ ಅನುಮಾನದಿಂದ ನೋಡತೊಡಗುತ್ತಾರೆ.

ಅಂಕಿಗಳನ್ನು ಚಿತ್ರವಾಗಿಸುವುದಕ್ಕೆ ಕಪ್ಪು ಅಮೆರಿಕನ್ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರ ಕೆಲಸವನ್ನು ತೋರಿಸದೆ ಇರಬೇಡಿ. 1900ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಅವರು ಅಟ್ಲಾಂಟ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಗೂ ಹಳೆಯ ವಿದ್ಯಾರ್ಥಿಗಳ ಜೊತೆ ಸೇರಿ ಕೈಯಿಂದ ಬಿಡಿಸಿದ ಸುಮಾರು 60 ಚಾರ್ಟುಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ತಾಣದಲ್ಲಿವೆ. ಗುಲಾಮಗಿರಿ ಮುಗಿದ ಒಂದು ತಲೆಮಾರಿನ ನಂತರ ಕಪ್ಪು ಜನರ ಜಮೀನು, ಉದ್ಯೋಗ, ಅಕ್ಷರಜ್ಞಾನದ ಲೆಕ್ಕವನ್ನು ಸುರುಳಿಗಳಲ್ಲಿ, ಗಾಢ ಬಣ್ಣಗಳಲ್ಲಿ ಜಗತ್ತಿನ ಮುಂದಿಟ್ಟವರಲ್ಲಿ ವಿದ್ಯಾರ್ಥಿಗಳೂ ಇದ್ದರು. ತಮ್ಮದೇ ಒಂದು ಕೋಷ್ಟಕವನ್ನು ಆ ಶೈಲಿಯಲ್ಲಿ ಕಾಗದದ ಮೇಲೆ ಬಿಡಿಸಿ ಎಂದರೆ, ಯಾವ ಸಂಖ್ಯೆ ಕಣ್ಣಿಗೆ ಮೊದಲು ಬೀಳಬೇಕೆಂದು ಅವರು ನಿರ್ಧರಿಸಲೇಬೇಕಾಗುತ್ತದೆ.

ಉಳಿದ ಸಾಧನಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲೇಖನಗಳು ದುಡ್ಡು ಕೊಡದೆ ಸಿಗುವುದಿಲ್ಲ ಎಂದುಕೊಳ್ಳಬೇಡಿ. ಸೋಸ್‌ಆರ್ಕೈವ್ ಎಂಬ ತಾಣದಲ್ಲಿ ಲೇಖನಗಳ ಪ್ರಕಟಣಾಪೂರ್ವ ಪ್ರತಿಗಳೂ ಡಿಒಎಜೆ ಎಂಬ ಪಟ್ಟಿಯಲ್ಲಿ ಉಚಿತವಾಗಿ ಓದಬಹುದಾದ ಮುಕ್ತ ಪತ್ರಿಕೆಗಳೂ ಇವೆ. ಸಂಖ್ಯಾಶಾಸ್ತ್ರಕ್ಕೆ ಆರ್ ಅಥವಾ ಜಮೋವಿ, ಸಂದರ್ಶನಗಳ ಕೋಡಿಂಗಿಗೆ (ಮಾತುಗಳನ್ನು ವಿಷಯವಾರು ಗುರುತು ಹಾಕುವುದಕ್ಕೆ) ಟ್ಯಾಗೆಟ್, ಈ ತಂತ್ರಾಂಶಗಳೆಲ್ಲವೂ ಉಚಿತ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗೆ ಸಂದರ್ಶನದ ಪಠ್ಯ ಕೊಟ್ಟು ವಿಷಯಗಳನ್ನು ಹೆಕ್ಕಿಸುವವರು ಈಗ ಬಹಳ. ಮಾತಾಡಿದವರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ. ಒಪ್ಪಿದ್ದರೂ, ಪೂರ್ತಿ ಪಠ್ಯವನ್ನು ನೀವು ಎರಡು ಸಲ ಓದುವವರೆಗೆ ಆ ಕಡೆ ಹೋಗಬೇಡಿ.

ಅಂಕ ಕೊಡುವ ಬಗ್ಗೆ ಸಹೋದ್ಯೋಗಿಗಳು ಕೇಳುತ್ತಾರೆ. ಫಲಿತಾಂಶ ‘ಸರಿ’ ಬಂದಿದೆಯೇ ಎಂದು ನಾನು ನೋಡುವುದಿಲ್ಲ. ವರದಿಯ ಮೊದಲ ಪುಟಕ್ಕೆ ಆ ಮಡಚಿಟ್ಟ ಚೀಟಿಯನ್ನು ಅಂಟಿಸಿರಬೇಕು, ತಿದ್ದಿರಬಾರದು. ಊಹೆ ಎಲ್ಲಿ ತಪ್ಪಿತು, ಏಕೆ ತಪ್ಪಿರಬಹುದು, ಆ ವಿವರಣೆ ಸುಳ್ಳೆಂದು ತೋರಿಸಬೇಕಾದರೆ ಇನ್ನೇನು ದತ್ತಾಂಶ ಬೇಕು ಎಂದು ಎರಡು ಪುಟ ಬರೆದಿರಬೇಕು. ಅರ್ಧದಷ್ಟು ಅಂಕ ಆ ಎರಡು ಪುಟಗಳಿಗೆ. ಊಹೆ ಪೂರ್ತಿ ಸರಿಯಾಗಿ ಬಂದವರಿಗೆ ಕೆಲಸ ಸ್ವಲ್ಪ ಹೆಚ್ಚು: ಅದೇ ಫಲಿತಾಂಶ ಬರಬಹುದಾದ ಬೇರೊಂದು ಕಾರಣವನ್ನು ಅವರು ಹುಡುಕಿ ತರಬೇಕು.