ಪಂಚರಕ್ಷಾ ಹಸ್ತಪ್ರತಿಗಳ ರಕ್ಷಾದೇವಿಯರು: ಅಧ್ಯಯನ ಟಿಪ್ಪಣಿ

ಪಂಚರಕ್ಷಾ ಎಂಬುದು ಬೌದ್ಧರ ಐದು ಧಾರಣೀ ಪಠ್ಯಗಳ, ಅಂದರೆ ರಕ್ಷೆಗಾಗಿ ಪಠಿಸುವ ಮಂತ್ರಪಠ್ಯಗಳ, ಗುಚ್ಛ. ಮಹಾಪ್ರತಿಸರಾ, ಮಹಾಸಾಹಸ್ರಪ್ರಮರ್ದನೀ, ಮಹಾಮಾಯೂರೀ, ಮಹಾಶೀತವತೀ, ಮಹಾಮಂತ್ರಾನುಸಾರಿಣೀ ಎಂಬ ಹೆಸರುಗಳು ಪಠ್ಯಗಳವೂ ಹೌದು, ದೇವಿಯರವೂ ಹೌದು. ಪಾಲ ಅರಸರ ಕಾಲದ ಬಿಹಾರ, ಬಂಗಾಳಗಳಲ್ಲಿಯೂ ನೇಪಾಳದ ಕಣಿವೆಯಲ್ಲಿಯೂ ಇದನ್ನು ತಾಳೆಗರಿಯ ಮೇಲೆ ಚಿತ್ರಸಹಿತವಾಗಿ ಬರೆಸುತ್ತಿದ್ದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಒಂದು ಪ್ರತಿಯನ್ನು ಪಾಲ ಅರಸ ನಯಪಾಲನ ಆಳ್ವಿಕೆಯ 14ನೆಯ ವರ್ಷದಲ್ಲಿ, ಅಂದರೆ 11ನೆಯ ಶತಮಾನದ ನಡುಭಾಗದಲ್ಲಿ, ಉದ್ದಾಕಾ ಎಂಬ ರಾಣಿ ಬರೆಸಿದಳೆಂದು ಅದರ ಪುಷ್ಪಿಕೆಯಿಂದ, ಅಂದರೆ ಕೊನೆಯ ಬರಹದಿಂದ, ತಿಳಿಯುತ್ತದೆ. ನಮ್ಮ ಕಡೆ ಕಂಠವೆಂಬ ಲೋಹದ ಮೊನೆಯ ಲೇಖನಿಯಿಂದ ಕೊರೆದು ಬರೆಯುವ ರೂಢಿಯಿದ್ದರೆ, ಅಲ್ಲಿ ಗರಿಯ ಮೇಲೆ ಮಸಿಯಿಂದ ಬರೆಯುತ್ತಿದ್ದರು. ಗರಿಯ ಅಗಲವೇ ಚಿತ್ರದ ಎತ್ತರವಾದ್ದರಿಂದ ದೇವಿಯ ಇಡೀ ರೂಪ ಕೆಲವೇ ಸೆಂಟಿಮೀಟರುಗಳಲ್ಲಿ ಅಡಗಬೇಕಾಗುತ್ತಿತ್ತು.

ಚಿತ್ರಕ್ಕೂ ಪಠ್ಯಕ್ಕೂ ಇರುವ ಸಂಬಂಧ

ಕಲಿಯುವವರಿಗೆ ತೊಡಕಾಗುವುದು ಇಲ್ಲಿಯೇ. ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸಿ ಬರೆಯುತ್ತೇನೆ. ಮಹಾಮಾಯೂರಿಯ ಪಠ್ಯ ಒಂದು ಕಥೆಯಿಂದ ತೊಡಗುತ್ತದೆ. ಸಂಘದ ಸ್ನಾನಕ್ಕಾಗಿ ಕಟ್ಟಿಗೆ ಸೀಳುತ್ತಿದ್ದ ಸ್ವಾತಿ ಎಂಬ ಎಳೆಯ ಭಿಕ್ಷುವನ್ನು ಹಾವು ಕಚ್ಚುತ್ತದೆ. ಬುದ್ಧನ ಶಿಷ್ಯ ಆನಂದ ಓಡಿಹೋಗಿ ಬುದ್ಧನಿಗೆ ತಿಳಿಸುತ್ತಾನೆ. ಬುದ್ಧ ಆನಂದನಿಗೆ ಮಹಾಮಾಯೂರೀ ವಿದ್ಯೆಯನ್ನು, ಅಂದರೆ ಕಾಯುವ ಮಂತ್ರವನ್ನು, ಉಪದೇಶಿಸುತ್ತಾನೆ. ಹಿಂದೊಮ್ಮೆ ಸುವರ್ಣಾವಭಾಸನೆಂಬ ನವಿಲರಾಜ ಇದೇ ವಿದ್ಯೆಯನ್ನು ನಿತ್ಯವೂ ಪಠಿಸಿ ಕ್ಷೇಮವಾಗಿದ್ದು, ಒಂದು ದಿನ ಮರೆತದ್ದರಿಂದ ಬಲೆಗೆ ಬಿದ್ದ ಪ್ರಸಂಗವೂ ಅದರಲ್ಲಿದೆ. ಆದರೆ ಆ ಪಠ್ಯಕ್ಕೆ ಬರೆದ ಚಿತ್ರದಲ್ಲಿ ಕಟ್ಟಿಗೆಯ ರಾಶಿಯೂ ಇಲ್ಲ, ಓಡುವ ಆನಂದನೂ ಇಲ್ಲ. ಕೈಯಲ್ಲಿ ನವಿಲುಗರಿ ಹಿಡಿದು ಕುಳಿತ ದೇವಿಯಿದ್ದಾಳೆ. ಚಿತ್ರ ಕಥೆಯನ್ನೇ ಹೇಳಬೇಕೆಂದು ನಿರೀಕ್ಷಿಸುವವರಿಗೆ ಇದು ಅಸಂಬದ್ಧವೆನಿಸುತ್ತದೆ.

ಕಥೆಯಲ್ಲಿ ಸ್ವಾತಿಯನ್ನು ಉಳಿಸಿದ್ದು ಯಾವುದು ಎಂದು ಕೇಳಿಕೊಂಡರೆ ತೊಡಕು ಸಡಿಲವಾಗುತ್ತದೆ. ಉಳಿಸಿದ್ದು ಉಚ್ಚರಿಸಿದ ವಿದ್ಯೆ. ಆ ವಿದ್ಯೆಯನ್ನೇ ಪರಂಪರೆ ವಿದ್ಯಾರಾಜ್ಞಿ, ಅಂದರೆ ಮಂತ್ರಗಳ ರಾಣಿ, ಎಂದು ಕರೆಯಿತು. ಮುಂದೆ ಆಕೆಗೆ ಮುಖಗಳು, ಕೈಗಳು, ಆಯುಧಗಳು ಬಂದವು. ಆದ್ದರಿಂದ ಆ ದೇವಿ ಕಥೆಯೊಳಗಿನ ಪಾತ್ರವಲ್ಲ, ಇಡೀ ಪಠ್ಯದ ಶರೀರ. ಶಬ್ದ ಮೊದಲು, ರೂಪ ನಂತರ ಎಂಬುದಕ್ಕೆ ಪೋಷಕವಾದ ಸಂಗತಿಯೊಂದಿದೆ: 1890ರಲ್ಲಿ ಮಧ್ಯ ಏಷ್ಯಾದ ಕೂಚಾದ ಬಳಿ ದೊರೆತ ಬವರ್ ಹಸ್ತಪ್ರತಿಯಲ್ಲಿ ವೈದ್ಯಗ್ರಂಥಗಳ ಜೊತೆಗೇ ಮಹಾಮಾಯೂರಿಯ ಭಾಗಗಳೂ ಇವೆ. ಪಾಲರ ಕಾಲಕ್ಕಿಂತ ಹಿಂದಿನ ಆ ಭೂರ್ಜಪತ್ರಗಳಲ್ಲಿ ಹಾವಿನ ವಿಷಕ್ಕೆ ಮಂತ್ರವಿದೆ, ದೇವಿಯ ಚಿತ್ರವಿಲ್ಲ.

ಪಾಲರ ಕಾಲದ್ದೇ ಆದ ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತಾ ಎಂಬ ಮಹಾಯಾನ ಸೂತ್ರದ ಪ್ರತಿಗಳೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಬುದ್ಧನ ಜೀವನದ ಘಟನೆಗಳು, ಬೋಧಿಸತ್ವರು, ತಾರಾದೇವಿಯರು ಬರುತ್ತಾರೆ. ಆದರೆ ಪಕ್ಕದ ಸಾಲುಗಳ ಅರ್ಥಕ್ಕೂ ಆ ಚಿತ್ರಗಳಿಗೂ ಸಾಮಾನ್ಯವಾಗಿ ನೇರ ನಂಟಿಲ್ಲ. ಕೇಂಬ್ರಿಜ್‌ನಲ್ಲಿಯೇ ಇರುವ ಆ ಸೂತ್ರದ 1015ರ ನೇಪಾಳದ ಪ್ರತಿಯಲ್ಲಿ, ದೂರದೂರದ ಕ್ಷೇತ್ರಗಳ ಮೂರ್ತಿಗಳನ್ನು ಬಿಡಿಸಿ, ಯಾವ ಊರಿನ ಯಾವ ಮೂರ್ತಿ ಎಂದು ಹೆಸರನ್ನೂ ಬರೆದಿದ್ದಾರೆ. ಅಲ್ಲಿ ಚಿತ್ರಗಳು ಗ್ರಂಥವನ್ನು ಪವಿತ್ರಗೊಳಿಸಿ ಕಾಯುತ್ತವೆ. ಪಂಚರಕ್ಷೆಯಲ್ಲಿ ಕಾಯುವ ದೇವಿಯೂ ಗ್ರಂಥವೂ ಒಂದೇ. ಮಹಾಪ್ರತಿಸರೆಯ ಪಠ್ಯವಂತೂ ತನ್ನನ್ನು ಬರೆದು ತೋಳಿಗೋ ಕೊರಳಿಗೋ ಕಟ್ಟಿಕೊಳ್ಳಬೇಕೆಂದು ವಿಧಿಸುತ್ತದೆ. ಹೀಗಿರುವಾಗ ರಾಣಿ ಉದ್ದಾಕಾ ಬರೆಸಿದ್ದನ್ನು ಓದುವ ಪುಸ್ತಕವೆಂದಷ್ಟೇ ಎಣಿಸುವುದು ಸಾಲದೆಂದು ನನಗೆ ತೋರುತ್ತದೆ.

ನೆನಪಿಗೆ ಸುಲಭದ ದಾರಿ

ಬಣ್ಣದ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿ ದೇವಿಯನ್ನೂ ಒಂದು ಭಯದೊಂದಿಗೆ ಜೋಡಿಸಿಕೊಳ್ಳುವುದು ಒಳ್ಳೆಯದು. ಮಾಯೂರಿಗೆ ಹಾವಿನ ವಿಷ, ಶೀತವತಿಗೆ ರಾಜಗೃಹದ ಬಳಿಯ ಶೀತವನವೆಂಬ ಶ್ಮಶಾನದಲ್ಲಿ ಬುದ್ಧನ ಮಗ ರಾಹುಲನನ್ನು ಕಾಡಿದ ಗ್ರಹಗಳು, ಅಂದರೆ ಹಿಡಿದು ಪೀಡಿಸುವ ದುಷ್ಟಶಕ್ತಿಗಳು, ಸಾಹಸ್ರಪ್ರಮರ್ದನಿಗೆ ಭೂತಗಳ ಹಾವಳಿ, ಮಂತ್ರಾನುಸಾರಿಣಿಗೆ ರೋಗ, ಪ್ರತಿಸರೆಗೆ, ಕಟ್ಟಿಕೊಂಡ ರಕ್ಷೆ ತಡೆಯುವ ಎಲ್ಲ ಆಪತ್ತುಗಳು. ಭಯಗಳನ್ನು ಹೀಗೆ ಎಣಿಸುವ ಕ್ರಮ ಕನ್ನಡನಾಡಿನ ಬೌದ್ಧರಿಗೂ ಗೊತ್ತಿತ್ತು: ಗದಗ ಜಿಲ್ಲೆಯ ಡಂಬಳದ 1095ರ ಶಾಸನ, ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿಗಳ ಭಯವನ್ನು ಅಡಗಿಸುವವಳೆಂದು ತಾರೆಯನ್ನು ಸ್ತುತಿಸುತ್ತದೆ. ಆದರೆ ತಾರೆ ಎಂಟು ಭಯಗಳನ್ನೂ ಒಬ್ಬಳೇ ನೀಗುತ್ತಾಳೆ, ಪಂಚರಕ್ಷೆಯಲ್ಲಿ ಹೊಣೆ ಹಂಚಿಹೋಗಿದೆ.

ಬಣ್ಣಗಳ ವಿಷಯ

ಒಬ್ಬೊಬ್ಬರಿಗೂ ಒಂದು ದಿಕ್ಕು, ಒಂದು ಬಣ್ಣವಿರುವ ಐವರು ಧ್ಯಾನಿಬುದ್ಧರೊಂದಿಗೆ ಹೊಂದಿಸುವ ಕ್ರಮದಲ್ಲಿ ಪ್ರತಿಸರೆ ಹಳದಿ, ಸಾಹಸ್ರಪ್ರಮರ್ದನಿ ಬಿಳಿ, ಮಾಯೂರಿ ಹಸಿರು, ಶೀತವತಿ ಕೆಂಪು, ಮಂತ್ರಾನುಸಾರಿಣಿ ನೀಲಿ. ಬೇರೆ ಸಾಧನಗಳಲ್ಲಿ, ಅಂದರೆ ದೇವಿಯನ್ನು ಧ್ಯಾನಿಸುವ ವಿಧಿಯನ್ನು ಹೇಳುವ ಪಠ್ಯಗಳಲ್ಲಿ, ಬಣ್ಣ, ದಿಕ್ಕು, ಕೈಗಳ ಸಂಖ್ಯೆ ಬದಲಾಗುತ್ತವೆ. ಚಿತ್ರಕಾರರೂ ಒಂದೇ ಪಟ್ಟಿಗೆ ಅಂಟಿಕೊಂಡವರಲ್ಲ. ಆದ್ದರಿಂದ ದೇವಿಯನ್ನು ಗುರುತಿಸುವಾಗ ಚಿತ್ರವಿರುವ ಗರಿಯಲ್ಲಿ ಯಾವ ಪಠ್ಯ ಮುಗಿಯುತ್ತದೆ, ಯಾವುದು ತೊಡಗುತ್ತದೆ ಎಂಬುದನ್ನು ಮೊದಲು ನೋಡಬೇಕು, ನಂತರ ನವಿಲುಗರಿಯಂಥ ಲಾಂಛನವನ್ನು, ಬಣ್ಣವನ್ನು ಕೊನೆಗೆ.