ಸದಾಪುಷ್ಪದ ವಿಷಕ್ಕೆ ಕಣ್ಣಿಲ್ಲ

ಕೀಮೋ ಔಷಧ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನ ನಮ್ಮ ಕೌಂಟರಿನಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದೇ: "ಕ್ಯಾನ್ಸರ್ ಕಣ ಮಾತ್ರ ಕೊಲ್ಲೋ ಎಲೆ ಇದೆಯಂತೆ, ಕಷಾಯ ಮಾಡಿ ಕೊಡಬಹುದಾ?" ಜೊತೆಗೊಂದು ವಾಟ್ಸಾಪ್ ವಿಡಿಯೊ. ಒಮ್ಮೆ ಹನುಮಫಲ, ಒಮ್ಮೆ ಸದಾಪುಷ್ಪ.

ಸದಾಪುಷ್ಪದ ವಿಷಯದಲ್ಲಿ ಅರ್ಧ ನಿಜವಿದೆ. ಜಯನಗರದ ಕಾಂಪೌಂಡುಗಳಲ್ಲಿ ಸುಮ್ನೆ ಬೆಳೆಯುವ ಈ ಗಿಡದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಗಳು ಸಿಕ್ಕಿದ್ದು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಈ ಗಿಡದ ಸಾರವನ್ನು ಸಕ್ಕರೆ ಕಾಯಿಲೆಗೆಂದು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಗಮನಿಸಿ, ಅವು ಆರೋಗ್ಯವಂತ ಕಣಗಳು! ಒಳ್ಳೆಯ ಕಣ ಸತ್ತಿದ್ದರಿಂದಲೇ ಈ ಔಷಧ ಪತ್ತೆಯಾಯಿತು.

ಕಣ ಎರಡಾಗುವಾಗ ಒಳಗೆ ಸಣ್ಣ ಎಳೆಗಳು ಹೆಣೆದುಕೊಂಡು ವಂಶವಾಹಿ ಹೊತ್ತ ವರ್ಣತಂತುಗಳನ್ನು ಎರಡೂ ಕಡೆಗೆ ಎಳೆಯುತ್ತವೆ. ವಿನ್‌ಕ್ರಿಸ್ಟಿನ್ ಆ ಎಳೆ ಕಟ್ಟಲು ಬಿಡುವುದಿಲ್ಲ. ಪೆಸಿಫಿಕ್ ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧ ತದ್ವಿರುದ್ಧ, ಕಟ್ಟಿದ ಎಳೆ ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ಕಣ ಅರ್ಧದಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ಕ್ಯಾನ್ಸರ್ ಕಣ ಜಾಸ್ತಿ ಒಡೆದು ಎರಡಾಗುತ್ತದೆ, ಏಟು ಜಾಸ್ತಿ ತಿನ್ನುತ್ತದೆ. ಆದರೆ ಕೂದಲಿನ ಬುಡ, ಮೂಳೆಮಜ್ಜೆ, ಕರುಳಿನ ಒಳಪದರದ ಕಣಗಳೂ ಒಡೆಯುತ್ತಲೇ ಇರುತ್ತವಲ್ವಾ? ನರಗಳು ಒಡೆಯುವುದಿಲ್ಲ, ನಿಜ. ಆದರೆ ಅವುಗಳೊಳಗಿನ ಸಾಗಾಟ ನಡೆಯುವುದೂ ಇಂಥ ಎಳೆಗಳ ಮೇಲೆಯೇ. ಕೈಕಾಲು ಜೋಮು ಹಿಡಿಯುವುದು, ಮಲಬದ್ಧತೆ ಇದರಿಂದಲೇ. ಹಾಗಾಗಿ ದೊಡ್ಡವರಿಗೂ ವಿನ್‌ಕ್ರಿಸ್ಟಿನ್ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಅದೂ ರಕ್ತನಾಳಕ್ಕೆ ಮಾತ್ರ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವವೇ ಹೋಗುತ್ತದೆ. ಕಷಾಯದ ಲೋಟದಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಯಾರು ಅಳೆಯುತ್ತಾರೆ?

ಇನ್ನು ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಸತ್ತಿತು ಅನ್ನುವ ಸುದ್ದಿ. ತಟ್ಟೆಯಲ್ಲಿ ಉಪ್ಪು ಜಾಸ್ತಿಯಾದರೂ ಕಣ ಸಾಯುತ್ತದೆ.

ನಿಜವಾಗಿ ಗುರಿ ಹುಡುಕಿ ಹೊಡೆಯುವ ಸಸ್ಯವಿಷ ಇಲ್ಲವೇ ಅಂದರೆ, ಒಂದು ರೀತಿಯಲ್ಲಿ ಇದೆ. ಆಫ್ರಿಕಾದ ಒಂದು ಪೊದೆಯಿಂದ ಸಿಕ್ಕ ಮೇಟಾನ್ಸಿನ್ ವಿಪರೀತ ವಿಷ, ಒಂಟಿಯಾಗಿ ಕೊಡಲು ಆಗಲಿಲ್ಲ. ಅದರ ಬದಲಿ ರೂಪವೊಂದನ್ನು ಕೆಲವು ಸ್ತನ ಕ್ಯಾನ್ಸರ್ ಕಣಗಳ ಮೇಲೆ ಜಾಸ್ತಿ ಇರುವ ಹರ್2 ಎಂಬ ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ (ಆಂಟಿಬಾಡಿ) ಕಟ್ಟಿದರು. 2013ರಲ್ಲಿ ಅಮೆರಿಕದಲ್ಲಿ ಅದು ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. ಆಯ್ಕೆ ಮಾಡುವುದು ಪ್ರತಿಕಾಯ, ಕೊಲ್ಲುವುದು ಗಿಡದ ವಿಷ. ಅದಕ್ಕೂ ಅಡ್ಡಪರಿಣಾಮ ತಪ್ಪಿಲ್ಲ.

ಕೀಮೋ ನಡೆಯುವಾಗ ಅಡುಗೆಯ ಅರಿಶಿನಕ್ಕೆ ನನ್ನ ತಕರಾರಿಲ್ಲ. ಅರಿಶಿನದ ಕ್ಯಾಪ್ಸೂಲ್‌ಗಿದೆ. ಹಲವು ಕ್ಯಾಪ್ಸೂಲ್‌ಗಳಲ್ಲಿ ಕಾಳುಮೆಣಸಿನ ಪಿಪರಿನ್ ಸೇರಿಸಿರುತ್ತಾರೆ. ವಿನ್‌ಕ್ರಿಸ್ಟಿನ್ ಕರಗಿಸುವ ಲಿವರ್ ಕಿಣ್ವವನ್ನೇ ಅದು ತಡೆಯಬಲ್ಲದು. ಔಷಧ ದೇಹದಲ್ಲೇ ಉಳಿದು ವಿಷವೇರಬಹುದು. ಮುಂದಿನ ಸೈಕಲ್‌ಗೆ, ಅಂದರೆ ಕೀಮೋದ ಮುಂದಿನ ಸುತ್ತಿಗೆ, ಬರುವಾಗ ಮನೆಯಲ್ಲಿ ತೆಗೆದುಕೊಳ್ಳುವ ಪುಡಿ, ಕ್ಯಾಪ್ಸೂಲ್, ಕಷಾಯ ಎಲ್ಲವನ್ನೂ ಬಾಟಲಿ ಸಮೇತ ತನ್ನಿ. ಬೈಯುವುದಿಲ್ಲ, ಲೇಬಲ್ ಓದಬೇಕು ಅಷ್ಟೇ.