ಕ್ಯಾಲಸ್ ಅಂದ್ರೆ ಖಾಲಿ ಮುದ್ದೆ ಅಲ್ಲ: ಪ್ಲಾಂಟ್ ರೀಜನರೇಶನ್ ನೋಟ್ಸ್

ಪ್ಲಾಂಟ್ ರೀಜನರೇಶನ್ (ಗಿಡದ ತುಂಡು ಅಥವಾ ಕೋಶದಿಂದ ಹೊಸ ಗಿಡ ಬರಿಸೋದು) ಮೇಲೆ ಪಿಎಚ್‌ಡಿಗೆ ಸೇರ್ಕೊಂಡಿರೋರಿಗೆ, ಸೇರ್ಬೇಕು ಅಂತ ಓದ್ತಿರೋರಿಗೆ ಇದು. ಪಿಯುಸಿಯಿಂದ ಎಂಎಸ್ಸಿವರೆಗೂ ನಾವೆಲ್ಲ ಓದೋದು ಒಂದೇ ಕಥೆ. ಎಲೆ ತುಂಡನ್ನ ಮೀಡಿಯಾ (ಪೋಷಕಾಂಶ, ಹಾರ್ಮೋನ್ ಬೆರೆಸಿದ ಜೆಲ್ಲಿ) ಮೇಲೆ ಇಟ್ರೆ ಅದರ ಜೀವಕೋಶಗಳು ತಾವು ಎಲೆ ಅನ್ನೋದನ್ನೇ ಬಿಟ್ಟು ಕ್ಯಾಲಸ್, ಅಂದ್ರೆ ಡಿವೈಡ್ ಆಗ್ತಿರೋ ಕೋಶಗಳ ಮುದ್ದೆ ಆಗ್ತವೆ, ಆಮೇಲೆ ಆ ಕ್ಯಾಲಸ್‌ನಿಂದ ಬೇರು ಬೇಕಾದ್ರೆ ಬೇರು, ಚಿಗುರು ಬೇಕಾದ್ರೆ ಚಿಗುರು ಅಂತ. ಎರಡನೇ ಅರ್ಧ ಸರಿ ಇದೆ. ಮೊದಲನೇ ಅರ್ಧ, ಅಂದ್ರೆ ಕ್ಯಾಲಸ್‌ಗೆ ಯಾವ ಗುರುತೂ ಇರಲ್ಲ ಅನ್ನೋದು, ಈಗ ನಿಲ್ಲಲ್ಲ.

ಹಿಸ್ಟರಿ ಬೇಗ ಮುಗಿಸ್ತೀನಿ, ಎಕ್ಸಾಮ್‌ಗೆ ಹೇಗೂ ಬೇಕು. 1902ರಲ್ಲಿ ಹೇಬರ್ಲಾಂಟ್, ಬಿಡಿ ಕೋಶದಿಂದ ಪೂರ್ತಿ ಗಿಡ ಬರೋ ಸಾಧ್ಯತೆ ಇದೆ ಅಂದ್ರು, ಆದ್ರೆ ಅವರ ಕೈಲಿ ಕೋಶಗಳು ಬದುಕಿದ್ವೇ ಹೊರತು ಡಿವೈಡ್ ಆಗ್ಲಿಲ್ಲ. 1957ರಲ್ಲಿ ವಿಸ್ಕಾನ್ಸಿನ್‌ನ ಸ್ಕೂಗ್ ಮತ್ತೆ ಮಿಲ್ಲರ್ ತಂಬಾಕಿನ ಮೇಲೆ ತೋರಿಸಿದ್ದು ನಾವು ಇವತ್ತಿಗೂ ಬಳಸೋ ಸೂತ್ರ: ಗಿಡದ ಎರಡು ಹಾರ್ಮೋನ್‌ಗಳಲ್ಲಿ ಆಕ್ಸಿನ್ ಜಾಸ್ತಿ, ಸೈಟೋಕೈನಿನ್ ಕಮ್ಮಿ ಇದ್ರೆ ಬೇರು, ಉಲ್ಟಾ ಆದ್ರೆ ಚಿಗುರು, ಎರಡೂ ಹದವಾಗಿದ್ರೆ ಕ್ಯಾಲಸ್. 1958ರಲ್ಲಿ ಕಾರ್ನೆಲ್‌ನ ಸ್ಟೀವರ್ಡ್ ಕ್ಯಾರೆಟ್ ಕೋಶಗಳಿಂದ ಗಿಡ ಬೆಳೆಸಿದ್ರು, ಮೀಡಿಯಾಗೆ ಹಾಕಿದ್ದು ಎಳನೀರು. 1962ರಲ್ಲಿ ಎಂಎಸ್ (ಮುರಾಶಿಗೆ-ಸ್ಕೂಗ್) ಮೀಡಿಯಾ ಬಂತು, 1964ರಲ್ಲಿ ದೆಹಲಿಯ ಗುಹಾ ಮತ್ತೆ ಮಹೇಶ್ವರಿ ದತ್ತೂರದ ಪರಾಗಕೋಶದಿಂದ ಹ್ಯಾಪ್ಲಾಯ್ಡ್ (ಅರ್ಧದಷ್ಟೇ ಕ್ರೋಮೋಸೋಮ್ ಇರೋ) ಭ್ರೂಣ ತೆಗೆದ್ರು, 1965ರಲ್ಲಿ ವಾಸಿಲ್ ಮತ್ತೆ ಹಿಲ್ಡೆಬ್ರಾಂಟ್ ತಂಬಾಕಿನ ಒಂದೇ ಒಂದು ಬಿಡಿ ಕೋಶದಿಂದ ಹೂ ಬಿಡೋ ಗಿಡ ಮಾಡಿದ್ರು. ಅಲ್ಲಿಗೆ ಹೇಬರ್ಲಾಂಟ್ ಹೇಳಿದ್ದು ಪ್ರೂವ್ ಆಯ್ತು.

ಈಗ ಅಸಲಿ ವಿಷಯ. ಲ್ಯಾಬ್‌ಗಳಲ್ಲಿ ಪ್ರಯೋಗಕ್ಕೆ ಬಳಸೋ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಎರಡು ಹಂತದ ಪದ್ಧತಿ ಇದೆ, ಲ್ಯಾಬ್‌ಗಳಲ್ಲಿ ಸಿಐಎಮ್ (ಕ್ಯಾಲಸ್ ಬರಿಸೋ ಮೀಡಿಯಾ), ಎಸ್ಐಎಮ್ (ಚಿಗುರು ಬರಿಸೋ ಮೀಡಿಯಾ) ಅಂತಾನೇ ಕರೆಯೋದು. ಮೊದಲು ಸಿಐಎಮ್, ಇದರಲ್ಲಿ ಲೀಟರ್‌ಗೆ 0.5 ಮಿಲಿಗ್ರಾಂ 2,4-ಡಿ (ಆಕ್ಸಿನ್), 0.05 ಮಿಲಿಗ್ರಾಂ ಕೈನೆಟಿನ್ (ಸೈಟೋಕೈನಿನ್), ಇಲ್ಲಿ ಕ್ಯಾಲಸ್ ಬರುತ್ತೆ. ಆಮೇಲೆ ಅದನ್ನ ಎಸ್ಐಎಮ್‌ಗೆ ಎತ್ತಿಡ್ಬೇಕು, ಅದರಲ್ಲಿ ಸೈಟೋಕೈನಿನ್ ಜಾಸ್ತಿ (2-ಐಪಿ ಲೀಟರ್‌ಗೆ 5 ಮಿಲಿಗ್ರಾಂ), ಆಗ ಹಸಿರು ಚುಕ್ಕಿ ಕಾಣಿಸಿ ಚಿಗುರು ಬರುತ್ತೆ. ಪ್ರಶ್ನೆ ಏನಂದ್ರೆ, ಸಿಐಎಮ್ ಮೇಲೆ ಇದ್ದಾಗ ಒಳಗಡೆ ಏನಾಗ್ತಿದೆ? ಎಲ್ಲ ಕೋಶಗಳೂ ಕ್ಯಾಲಸ್ ಆಗ್ತಿದಾವಾ?

ಇಲ್ಲ. 2010ರಲ್ಲಿ ಕಾವೊರು ಸುಗಿಮೊಟೊ, ಜಿಯಾವೊ, ಮೇಯರೋವಿಟ್ಜ್ ಸೇರಿ ಬರೆದ ಪೇಪರ್ ಇದೆ, ಈ ಟಾಪಿಕ್‌ನಲ್ಲಿ ಒಂದೇ ಪೇಪರ್ ಓದೋಕೆ ಟೈಮ್ ಇದ್ರೆ ಇದನ್ನೇ ಓದಿ. ಬೇರಿನಲ್ಲಿ ಕ್ಯಾಲಸ್ ಶುರುವಾಗೋದು ಪೆರಿಸೈಕಲ್‌ನಿಂದ, ಅಂದ್ರೆ ಪಕ್ಕದ ಬೇರು ಹುಟ್ಟೋ ಅದೇ ಪದರದಿಂದ. ಬೀಜದಳ, ಹೂವಿನ ಎಸಳಲ್ಲೂ ನಾಳಗಳ ಸುತ್ತ ಪೆರಿಸೈಕಲ್ ತರದ ಕೋಶಗಳಿದಾವೆ, ಕ್ಯಾಲಸ್ ಅಲ್ಲಿಂದಾನೇ ಬರುತ್ತೆ, ಮತ್ತೆ ಎಸಳಿಂದ ಬಂದ ಕ್ಯಾಲಸ್‌ನಲ್ಲೂ ಆನ್ ಆಗಿರೋ ಜೀನ್‌ಗಳು ನೋಡಿದ್ರೆ ಬೇರಿನ ತುದಿಯನ್ನ ಹೋಲುತ್ತವೆ! ಇದಕ್ಕಿಂತ ಗಟ್ಟಿ ಸಾಕ್ಷಿ ಮ್ಯೂಟೆಂಟ್‌ದು (ಯಾವುದೋ ಜೀನ್ ಕೆಟ್ಟಿರೋ ಗಿಡ): ಪಕ್ಕದ ಬೇರು ಬಿಡೋಕಾಗದ ಎಎಲ್ಎಫ್4 ಮ್ಯೂಟೆಂಟ್‌ನಲ್ಲಿ ಕ್ಯಾಲಸ್ಸೂ ಸರಿಯಾಗಿ ಬರಲ್ಲ, ಬೇರಲ್ಲಷ್ಟೇ ಅಲ್ಲ, ಎಸಳಲ್ಲೂ. ಹಾಗಾಗಿ ಸಿಐಎಮ್‌ನ ಕ್ಯಾಲಸ್ ಅಂದ್ರೆ ಪಕ್ಕದ ಬೇರಿನ ಪ್ರೋಗ್ರಾಂ ಶುರುವಾಗಿ, ಬೇರು ಆಗಿ ಮುಗಿಯದೇ ಡಿವೈಡ್ ಆಗ್ತಾ ಕೂತಿರೋ ಸ್ಥಿತಿ ಅಂತ ನೆನಪಿಟ್ಕೊಳ್ಳಿ. ಎಲೆ ಕೋಶ ಈ ಕಡೆ ಬರ್ಬೇಕಾದ್ರೆ ಎಲೆಯ ಜೀನ್‌ಗಳನ್ನ ಮುಚ್ಚಬೇಕು, ಆ ಕೆಲಸ ಪಿಆರ್‌ಸಿ2 ಅನ್ನೋ ಪ್ರೋಟೀನ್ ಗುಂಪಿನದು, ಅದು ಕೆಟ್ಟರೆ ಎಲೆ ತುಂಡಲ್ಲಿ ಕ್ಯಾಲಸ್ ಬರಲ್ಲ, ಬೇರಿನ ತುಂಡಲ್ಲಿ ಬರುತ್ತೆ. ಲಾಜಿಕ್ ಕರೆಕ್ಟಾಗಿ ಕೂರುತ್ತೆ ನೋಡಿ.

ಇಲ್ಲಿ ಜನ ಎಡವೋದು ಎಲ್ಲಿ ಅಂದ್ರೆ, ಕ್ಯಾಲಸ್ ಬಂತು ಅಂದ್ರೆ ಚಿಗುರೂ ಬರುತ್ತೆ ಅಂದ್ಕೊಳ್ಳೋದ್ರಲ್ಲಿ. ತಿರುವನಂತಪುರದ ಐಸರ್ ಅನ್ನೋ ವಿಜ್ಞಾನ ಸಂಸ್ಥೆಯಲ್ಲಿ ಕಾಲಿಕಾ ಪ್ರಸಾದ್ ಅವರ ಗುಂಪು 2015ರಲ್ಲಿ ತೋರಿಸಿದ್ದು ಇದನ್ನೇ. ಪ್ಲೆಥೋರಾ 3, 5, 7 ಅನ್ನೋ ಜೀನ್ ಮೂರೂ ಇಲ್ಲದ ಮ್ಯೂಟೆಂಟ್‌ನಲ್ಲಿ ಕ್ಯಾಲಸ್ ಆಗುತ್ತೆ, ಚಿಗುರು ಮಾತ್ರ ಬರಲ್ಲ. ಈ ಮೂರು ಜೀನ್‌ಗಳು ಮೊದಲು ಪ್ಲೆಥೋರಾ 1 ಮತ್ತೆ 2ನ್ನ ಎಬ್ಬಿಸಿ ಕ್ಯಾಲಸ್‌ಗೆ ಚಿಗುರು ಬಿಡೋ ಯೋಗ್ಯತೆ ಕೊಡ್ತವೆ, ಆಮೇಲೆ ಬೇರೆಯಾಗಿ ಸಿಯುಸಿ2 ಅನ್ನೋ ಜೀನನ್ನ ಆನ್ ಮಾಡಿ ಚಿಗುರನ್ನ ಪೂರ್ತಿ ಮಾಡಿಸ್ತವೆ. ಮೊದಲನೇದಷ್ಟೇ ವಾಪಸ್ ಕೊಟ್ರೆ ಚಿಗುರು ಬರಲ್ಲ. ಎಸ್ಐಎಮ್ ಮೇಲೆ ಸೈಟೋಕೈನಿನ್ ಸಿಗ್ನಲ್ ಹೋಗಿ ವುಶೆಲ್ ಜೀನ್ ಆನ್ ಆಗೋದೂ ಬೇಕೇ ಬೇಕು, ಚಿಗುರಿನ ಮೆರಿಸ್ಟಮ್ (ಹೊಸ ಕೋಶ ಹುಟ್ಟಿಸ್ತಾ ಇರೋ ಬೆಳವಣಿಗೆ ಜಾಗ) ಶುರುವಾಗೋದು ಅಲ್ಲಿಂದ.

ಹಾಗಂತ ಎಲ್ಲ ಕ್ಯಾಲಸ್ಸೂ ಬೇರಿನ ದಾರೀಲೇ ಬರಲ್ಲ. ಗಾಯ ಆದಾಗ ಗಿಡ ತಾನೇ ಕ್ಯಾಲಸ್ ಮಾಡ್ಕೊಳ್ಳುತ್ತಲ್ಲ, ಅದರ ಹಿಂದೆ ವಿಂಡ್1 ಅನ್ನೋ ಜೀನ್ ಇದೆ ಅಂತ ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯ ಗುಂಪು 2011ರಲ್ಲಿ ಹೇಳಿತು. ಇದನ್ನ ಜಾಸ್ತಿ ಮಾಡಿದ್ರೆ ಹಾರ್ಮೋನ್ ಹಾಕದ ಮೀಡಿಯಾದಲ್ಲೂ ಕ್ಯಾಲಸ್ ಬರುತ್ತೆ. ವೈವಾದಲ್ಲಿ "ಕ್ಯಾಲಸ್ ಅಂದ್ರೇನು" ಅಂತ ಕೇಳಿದ್ರೆ "ಯಾವ ಕ್ಯಾಲಸ್ ಸಾರ್" ಅಂತ ತಿರುಗಿ ಕೇಳೋ ಹಕ್ಕು ನಿಮಗಿದೆ.

ಇನ್ನೊಂದು ಗೊಂದಲ, ನಮ್ಮ ಕಡೆ ಎಲ್ಲರೂ ಹಾಕೋ ಟಿಶ್ಯೂ ಕಲ್ಚರ್ ಜಿ-9 ಬಾಳೆ. ಅದನ್ನ ಸಾಮಾನ್ಯವಾಗಿ ಕ್ಯಾಲಸ್‌ನಿಂದ ಮಾಡಲ್ಲ, ಕಂದಿನ ಸುಳಿ ತುದಿ ತಗೊಂಡು, ಅಲ್ಲಿ ಮೊದಲೇ ಇರೋ ಮೆರಿಸ್ಟಮ್‌ಗೆ ಬಿಎಪಿ (ಒಂದು ಸೈಟೋಕೈನಿನ್) ಕೊಟ್ಟು ಮೊಗ್ಗು ಹೆಚ್ಚಿಸೋದು. ಹೊಸದಾಗಿ ಮೆರಿಸ್ಟಮ್ ಹುಟ್ಟಿಸೋ ಕಥೆ ಅಲ್ಲಿಲ್ಲ. ಕ್ಯಾಲಸ್ ಹಂತ ತಪ್ಪಿಸಿದ್ರೆ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಬರೋದೂ ಕಮ್ಮಿ ಆಗುತ್ತೆ, ರೈತರಿಗೆ ಬೇಕಿರೋದೂ ಅದೇ.

ಥೀಸಿಸ್‌ಗೆ ಮೊಂಡು ಬೆಳೆ ಸಿಕ್ಕಿದ್ರೆ ಹಾರ್ಮೋನ್ ಕಾಂಬಿನೇಶನ್ ಟೇಬಲ್ ಮೇಲೆ ಟೇಬಲ್ ಹಾಕ್ತಾ ವರ್ಷ ಕಳೀಬೇಡಿ. ಮೊದಲು ಯಾವ ಹಂತದಲ್ಲಿ ನಿಂತಿದೆ ನೋಡಿ: ಕ್ಯಾಲಸ್ಸೇ ಬರ್ತಿಲ್ವಾ, ಬಂದು ಯೋಗ್ಯತೆ ಇಲ್ವಾ, ಇಲ್ಲಾ ಚಿಗುರು ಶುರುವಾಗಿ ಅರ್ಧಕ್ಕೆ ನಿಲ್ತಿದೆಯಾ. ಮೂರಕ್ಕೂ ಮದ್ದು ಬೇರೆ ಬೇರೆ. ಮೆಕ್ಕೆಜೋಳದಲ್ಲಿ 2016ರಲ್ಲಿ ಬೇಬಿ ಬೂಮ್ ಮತ್ತೆ ವುಶೆಲ್2 ಜೀನ್‌ಗಳನ್ನ ಒಟ್ಟಿಗೆ ಕೊಟ್ಟಾಗ, ಅಲ್ಲಿವರೆಗೂ ಜಗ್ಗದಿದ್ದ ತಳಿಗಳಿಂದಾನೂ ಗಿಡ ಬಂತು, 2020ರಲ್ಲಿ ಗೋಧಿಗೆ ಜಿಆರ್‌ಎಫ್4 ಮತ್ತೆ ಜಿಐಎಫ್1 ಜೀನ್ ಜೋಡಿ ಕೆಲಸ ಮಾಡ್ತು. ಇವೆರಡು ಪೇಪರ್‌ಗಳನ್ನ ಅರಬಿಡಾಪ್ಸಿಸ್ ಪೇಪರ್‌ಗಳಾದ್ಮೇಲೆ ಓದಿ, ಮೊದಲೇ ಓದಿದ್ರೆ ಯಾಕೆ ಕೆಲಸ ಮಾಡ್ತು ಅನ್ನೋದು ತಲೆಗೆ ಹೋಗಲ್ಲ.